ಚಂದ್ರನ ಮೇಲೆ ಮನುಷ್ಯ ಇಳಿದಿದ್ದು ನಿಜವೇ ಎಂಬ ಮಕ್ಕಳ ಪ್ರಶ್ನೆ: ಪೋಷಕರಿಗೆ ಒಂದು ಪತ್ರ

ಮಾನ್ಯ ಪೋಷಕರೇ,

ವಂದನೆಗಳು. ಎಂಟು ಮತ್ತು ಒಂಬತ್ತನೇ ತರಗತಿ ಮಕ್ಕಳ ಕೈಯಲ್ಲಿ ಈ ಪತ್ರ ಕಳಿಸುತ್ತಿದ್ದೇನೆ. ದಯವಿಟ್ಟು ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಓದಿ.

ನಮ್ಮ ಊರಿನ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಕೆಲವು ದಿನಗಳಿಂದ ಒಂದು ವಿಡಿಯೋ ಓಡಾಡುತ್ತಿದೆ. ಅಮೆರಿಕದವರು ಚಂದ್ರನ ಮೇಲೆ ಇಳಿಯಲೇ ಇಲ್ಲ, ಸ್ಟುಡಿಯೋದಲ್ಲಿ ಚಿತ್ರೀಕರಣ ಮಾಡಿ ಜಗತ್ತನ್ನು ನಂಬಿಸಿದರು ಎಂದು ಅದರಲ್ಲಿ ಹೇಳಿದ್ದಾರೆ. ವಿಜ್ಞಾನದ ಪೀರಿಯಡ್‌ನಲ್ಲಿ ಇದೇ ಮಾತಿಗೆ ಜಗಳವಾಗಿ, ಒಂದೇ ಡಬ್ಬಿಯಲ್ಲಿ ಉಣ್ಣುತ್ತಿದ್ದ ಇಬ್ಬರು ಹುಡುಗಿಯರು ಬೆಂಚು ಬದಲಿಸಿದ್ದಾರೆ. "ನಮ್ಮಪ್ಪಾನೇ ಹೇಳಿದ್ದು, ಮಿಸ್ ಬರೀ ಪುಸ್ತಕದಲ್ಲಿರೋದನ್ನ ಓದ್ತಾರೆ" ಎಂದಳಂತೆ ಒಬ್ಬಳು. ಅಪ್ಪನನ್ನು ನಂಬಬೇಕೋ ಮೇಷ್ಟ್ರನ್ನು ನಂಬಬೇಕೋ ಎಂಬ ಇಕ್ಕಟ್ಟಿಗೆ ಯಾವ ಮಗುವೂ ಬೀಳಬಾರದು. ಆ ಕಾಳಜಿಯಿಂದ ಬರೆಯುತ್ತಿದ್ದೇನೆ.

ಶಾಲೆಯ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ಮನುಷ್ಯರು ಚಂದ್ರನ ಮೇಲೆ ಇಳಿದಿದ್ದಾರೆ. ನೀಲ್ ಆರ್ಮ್‌ಸ್ಟ್ರಾಂಗ್ ಮತ್ತು ಬಜ್ ಆಲ್ಡ್ರಿನ್ ಇದ್ದ ಅಪೊಲೊ 11ರ ನೌಕೆ 1969ರ ಜುಲೈ 20ರಂದು ಅಲ್ಲಿ ಇಳಿಯಿತು. ನಮ್ಮಲ್ಲಿ ಆಗ ನಡುರಾತ್ರಿ ಕಳೆದು 21ನೇ ತಾರೀಖು ಹುಟ್ಟಿತ್ತು. ಅವರ ಜೊತೆಗಾರ ಮೈಕೆಲ್ ಕಾಲಿನ್ಸ್ ಮೇಲೆ ಚಂದ್ರನನ್ನು ಸುತ್ತುತ್ತಾ ಕಾಯುತ್ತಿದ್ದರು. ಇಂಥ ವಿಡಿಯೋಗಳು ಹೆಚ್ಚಾಗಿ ಈ ಒಂದು ಯಾನದ ಬಗ್ಗೆಯೇ ಮಾತಾಡುತ್ತವೆ. 1972ರ ಡಿಸೆಂಬರ್‌ವರೆಗೆ ಅಪೊಲೊ ಸರಣಿಯ ನೌಕೆಗಳು ಒಟ್ಟು ಆರು ಸಲ ಇಳಿದವು, 12 ಮಂದಿ ಅಲ್ಲಿ ನಡೆದಾಡಿದರು. ಅಪೊಲೊ 13 ದಾರಿಯಲ್ಲೇ ಕೆಟ್ಟು ಇಳಿಯಲಾಗದೆ ವಾಪಸು ಬಂತು.

ಹಾಗೆಂದು ಪ್ರಶ್ನೆ ಕೇಳಿದ ಮಗುವಿಗೆ "ಅಧಿಕಪ್ರಸಂಗ ಮಾಡಬೇಡ" ಎಂದು ಬಾಯಿ ಮುಚ್ಚಿಸಬೇಡಿ. ನಮ್ಮ ಶಿಕ್ಷಕರಿಗೂ ಇದನ್ನೇ ಹೇಳಿದ್ದೇನೆ. ಸಂಶಯಪಡುವ ಮಗು ನನಗೆ ಇಷ್ಟ. ಆದರೆ ಸಂಶಯ ಬಂತು ಎಂದ ಮಾತ್ರಕ್ಕೆ ಅದು ಗೆದ್ದಂತಾಗುವುದಿಲ್ಲ. ಅದನ್ನೂ ಒರೆಗೆ ಹಚ್ಚಬೇಕು, ಹಚ್ಚಲು ಸಮಯ ಕೊಡಬೇಕು. ವಿಡಿಯೋದವರು ಆ ಸಮಯ ಕೊಡುವುದಿಲ್ಲ. ಒಂದು ಫೋಟೋ ತೋರಿಸಿ, ಹಿನ್ನೆಲೆಗೆ ಸಂಗೀತ ಹಾಕಿ, ಮುಂದಿನ ಫೋಟೋಕ್ಕೆ ಹಾರುತ್ತಾರೆ.

ಮಕ್ಕಳಿಗೆ ಬಹಳ ಹಿಡಿಸಿದ್ದು ನೆರಳಿನ ವಾದ. ಸೂರ್ಯ ಒಬ್ಬನೇ ಆದರೆ ನೆರಳುಗಳೆಲ್ಲ ಒಂದೇ ದಿಕ್ಕಿಗೆ ಬೀಳಬೇಕು, ಚಂದ್ರನ ಫೋಟೋಗಳಲ್ಲಿ ಬೇರೆ ಬೇರೆ ದಿಕ್ಕಿಗೆ ಬಿದ್ದಿವೆ, ಹಾಗಾಗಿ ಅದು ಸ್ಟುಡಿಯೋದ ದೀಪ ಎನ್ನುವುದು ಅವರ ಮಾತು. ಕೇಳಿದರೆ ಹೌದಲ್ಲ ಅನ್ನಿಸುತ್ತದೆ. ಸಂಜೆ ಆಟದ ಪೀರಿಯಡ್‌ನಲ್ಲಿ ವಿಜ್ಞಾನ ಶಿಕ್ಷಕರು ಮೂರು ಕ್ರಿಕೆಟ್ ಸ್ಟಂಪುಗಳನ್ನು ತರಿಸಿ, ಒಂದನ್ನು ಮೈದಾನದ ಸಮತಟ್ಟಿನಲ್ಲಿ, ಒಂದನ್ನು ಧ್ವಜಕಟ್ಟೆಯ ಪಕ್ಕದ ಇಳಿಜಾರಿನಲ್ಲಿ, ಇನ್ನೊಂದನ್ನು ನೀರು ಹರಿಯುವ ತಗ್ಗಿನ ಅಂಚಿನಲ್ಲಿ ನೆಟ್ಟರು. ನೆಲದ ಮಟ್ಟದಲ್ಲಿ ಕೂತು ಮೊಬೈಲಿನಲ್ಲಿ ಫೋಟೋ ತೆಗೆದರೆ ಮೂರು ನೆರಳು ಮೂರು ಕಡೆಗೆ! ಅದೇ ಸ್ಟಂಪುಗಳನ್ನು ಮಹಡಿಯ ಮೇಲಿನಿಂದ ತೆಗೆದಾಗ ನೆರಳುಗಳು ಹೆಚ್ಚುಕಡಿಮೆ ಒಂದಕ್ಕೊಂದು ಸಮಾನಾಂತರವಾಗಿದ್ದವು. ನೆಲದ ಏರಿಳಿತ, ಕ್ಯಾಮೆರಾ ಇಟ್ಟ ಜಾಗ, ಇವೆರಡೇ ಸಾಕು ನೆರಳನ್ನು ತಿರುಗಿಸಲು. ಆಮೇಲೆ ನಮ್ಮ ಕಬಡ್ಡಿ ಹುಡುಗನೊಬ್ಬ ಹೇಳಿದ ಮಾತು ಇನ್ನೂ ಚೆನ್ನಾಗಿತ್ತು. ಹೊನಲು ಬೆಳಕಿನ ಪಂದ್ಯದಲ್ಲಿ ಒಬ್ಬೊಬ್ಬ ಆಟಗಾರನ ಸುತ್ತ ನಾಲ್ಕು ನೆರಳು ಬೀಳುತ್ತವೆ, ಸ್ಟುಡಿಯೋದಲ್ಲಿ ನಾಲ್ಕಾರು ದೀಪ ಉರಿಸಿದ್ದರೆ ಆ ಗಗನಯಾತ್ರಿಗೂ ನಾಲ್ಕಾರು ನೆರಳು ಇರಬೇಕಿತ್ತಲ್ಲ ಮಿಸ್ ಎಂದ. ಫೋಟೋಗಳಲ್ಲಿ ಒಬ್ಬರಿಗೆ ಒಂದೇ ನೆರಳು. ಈ ಉತ್ತರ ಪುಸ್ತಕದಿಂದ ಬಂದದ್ದಲ್ಲ ಎಂಬುದನ್ನು ದಯವಿಟ್ಟು ಗಮನಿಸಿ.

ಬಾವುಟ ಅಲುಗಾಡಿತು ಎನ್ನುವುದಕ್ಕೆ ಹೆಚ್ಚು ಹೇಳಬೇಕಿಲ್ಲ. ಗಾಳಿ ಇಲ್ಲದ ಕಡೆ ಬಟ್ಟೆ ಜೋತುಬೀಳುತ್ತದೆಂದು ಗೊತ್ತಿದ್ದೇ ಅದರ ಮೇಲಂಚಿನ ಹೊಲಿಗೆಯೊಳಗೆ ತೂರಿಸಲು ಅಡ್ಡ ಕಂಬಿ ಕೊಂಡೊಯ್ದಿದ್ದರು. ಕಂಬ ನೆಡುವಾಗ ತಿರುಗಿಸಿದರೆ ಅದು ಆಡುತ್ತದೆ, ತಡೆಯಲು ಗಾಳಿಯಿಲ್ಲದ್ದರಿಂದ ಸ್ವಲ್ಪ ಹೊತ್ತು ಜಾಸ್ತಿಯೇ ಆಡುತ್ತದೆ. ಫೋಟೋಗಳಲ್ಲಿ ನಕ್ಷತ್ರ ಕಾಣದ್ದು ಕ್ಯಾಮೆರಾದ ಲೆಕ್ಕಾಚಾರ. ಬಿಸಿಲಲ್ಲಿ ಬೆಳಗುವ ನೆಲಕ್ಕೂ ಬಿಳಿ ಉಡುಪಿಗೂ ಹೊಂದಿಸಿದ ಕ್ಯಾಮೆರಾಕ್ಕೆ ಮಂಕು ಚುಕ್ಕೆಗಳು ದಕ್ಕುವುದಿಲ್ಲ. ಭೂಮಿಯ ಸುತ್ತಲಿನ ವಿಕಿರಣದ ಪಟ್ಟಿಗಳನ್ನು ದಾಟಿ ಬದುಕಲಾಗದು ಎಂಬ ಮಾತೂ ಇದೆ. ಅವನ್ನು ಅವರು ಆದಷ್ಟು ತೆಳುವಾದ ಕಡೆಯಿಂದ, ಕೆಲವೇ ಗಂಟೆಗಳಲ್ಲಿ ದಾಟಿದರು. ಮೈಮೇಲೆ ವಿಕಿರಣ ಅಳೆಯುವ ಸಾಧನಗಳೂ ಇದ್ದವು.

ಮಕ್ಕಳಿಗೆ ತೋರಿಸಲೇಬೇಕಾದದ್ದು ಧೂಳು. ಅಪೊಲೊ 15, 16, 17ರಲ್ಲಿ ಗಗನಯಾತ್ರಿಗಳು ಅಲ್ಲಿ ಗಾಡಿ ಓಡಿಸಿದ್ದಾರೆ. ಚಕ್ರ ಎರಚಿದ ಧೂಳು ಕಮಾನಿನಂತೆ ಮೇಲೇರಿ ಹಾಗೇ ನೆಲಕ್ಕೆ ಬೀಳುತ್ತದೆ, ಗಾಳಿಯಲ್ಲಿ ತೇಲುವುದಿಲ್ಲ. ನಮ್ಮ ಮಣ್ಣು ರಸ್ತೆಯಲ್ಲಿ ಟ್ರ್ಯಾಕ್ಟರ್ ಹೋದ ಮೇಲೆ ಏನಾಗುತ್ತದೆಂದು ನಿಮಗೆ ಗೊತ್ತೇ ಇದೆ. ಗಾಳಿಯೇ ಇಲ್ಲದ ಬಯಲಿನಷ್ಟು ದೊಡ್ಡ ಸ್ಟುಡಿಯೋ ಕಟ್ಟದೆ ಆ ದೃಶ್ಯ ತೆಗೆಯಲಾಗದು. 1971ರ ಆಗಸ್ಟ್‌ನಲ್ಲಿ ಡೇವಿಡ್ ಸ್ಕಾಟ್ ಅಲ್ಲಿ ನಿಂತು ಸುತ್ತಿಗೆಯನ್ನೂ ಹಕ್ಕಿಯ ಗರಿಯನ್ನೂ ಒಟ್ಟಿಗೆ ಕೈಬಿಟ್ಟರು. ಗರಿಯನ್ನು ತಡೆಯಲು ಗಾಳಿಯಿಲ್ಲದ್ದರಿಂದ ಎರಡೂ ಒಟ್ಟಿಗೇ ನೆಲ ಮುಟ್ಟಿದವು.

ಇನ್ನು ಅವರು ಅಲ್ಲಿ ಬಿಟ್ಟುಬಂದದ್ದು. ಅಪೊಲೊ 11, 14 ಮತ್ತು 15ರ ಗಗನಯಾತ್ರಿಗಳು ಪ್ರತಿಫಲಕಗಳನ್ನು ಇಟ್ಟುಬಂದಿದ್ದಾರೆ. ಮಗುವಿನ ಸೈಕಲ್ಲಿನ ಹಿಂದಿರುವ ಕೆಂಪು ರಿಫ್ಲೆಕ್ಟರನ್ನು ಕೈಗೆತ್ತಿಕೊಂಡು ನೋಡಿ, ಒಳಗೆ ಸಣ್ಣ ಸಣ್ಣ ಮೂಲೆಗಳು ಕಾಣುತ್ತವೆ. ಯಾವ ಕಡೆಯಿಂದ ಟಾರ್ಚ್ ಬಿಟ್ಟರೂ ಬೆಳಕು ಬಂದ ಕಡೆಗೇ ತಿರುಗುವುದು ಆ ಮೂಲೆಗಳಿಂದ. ಚಂದ್ರನ ಮೇಲಿರುವುದರ ತತ್ವವೂ ಅದೇ. ಅಪೊಲೊ 11ರದ್ದರಲ್ಲಿ ಅಂಥ 100 ಗಾಜಿನ ಮೂಲೆಗಳಿವೆ, 15ರದ್ದರಲ್ಲಿ 300. ಇಂದಿಗೂ ವೀಕ್ಷಣಾಲಯಗಳಿಂದ ಲೇಸರ್ ಬಿಟ್ಟರೆ ಸುಮಾರು ಎರಡೂವರೆ ಸೆಕೆಂಡಿಗೆ ಬೆಳಕು ವಾಪಸು ಬರುತ್ತದೆ. ಚಂದ್ರ ವರ್ಷಕ್ಕೆ ಸುಮಾರು 3.8 ಸೆಂಟಿಮೀಟರ್ ದೂರ ಸರಿಯುತ್ತಿದೆ ಎಂದು ತಿಳಿದದ್ದು ಈ ಅಳತೆಯಿಂದ.

ಇದನ್ನು ತರಗತಿಯಲ್ಲಿ ಹೇಳಿದಾಗ ಒಬ್ಬ ಹುಡುಗಿ, "ರೋಬೋಟ್ ಕೂಡ ಇಟ್ಟು ಬರಬಹುದಲ್ವಾ?" ಎಂದಳು. ನ್ಯಾಯವಾದ ಪ್ರಶ್ನೆ. ನಿಜಕ್ಕೂ ಹಾಗೆ ಆಗಿದೆ: ಸೋವಿಯತ್ ಒಕ್ಕೂಟದ ಲೂನೋಖೋದ್ ಗಾಡಿಗಳ ಮೇಲೂ ಪ್ರತಿಫಲಕಗಳಿವೆ, ನಮ್ಮ ಚಂದ್ರಯಾನ-3ರ ವಿಕ್ರಮ್ ಮೇಲೂ ಒಂದಿದೆ. ಪ್ರತಿಫಲಕ ಒಂದನ್ನೇ ಹಿಡಿದು ಮನುಷ್ಯ ಹೋಗಿದ್ದ ಎನ್ನಲಾಗದು. ಅದಕ್ಕೇ ಕಲ್ಲುಗಳ ಕಡೆ ಬರಬೇಕು. ಆರು ಯಾನಗಳಲ್ಲಿ ತಂದ ಕಲ್ಲು ಮಣ್ಣು ಒಟ್ಟು 382 ಕಿಲೋ. ಎಪ್ಪತ್ತರ ದಶಕದಲ್ಲಿ ಸೋವಿಯತ್ತಿನ ಮೂರು ರೋಬೋಟ್ ನೌಕೆಗಳು ಸೇರಿ ತಂದದ್ದು ಅರ್ಧ ಕಿಲೋ ಕೂಡ ಇಲ್ಲ.

ಆ ಕಲ್ಲುಗಳನ್ನು ಭೂಮಿಯ ಮೇಲೆ ತಯಾರಿಸಲಾಗದು. ನಮ್ಮ ಗೊರೂರಿನ ಸುತ್ತಲಿನ ಶಿಲೆಗೆ 300 ಕೋಟಿ ವರ್ಷಕ್ಕೂ ಮೀರಿದ ವಯಸ್ಸು, ಭಾರತದ ಅತಿ ಹಳೆಯ ಶಿಲೆಗಳ ಸಾಲಿಗೆ ಸೇರಿದ್ದು. ಅದರ ಖನಿಜಗಳಲ್ಲೂ ನೀರಿನ ಅಂಶ ಸೇರಿಕೊಂಡಿದೆ. ಚಂದ್ರನ ಕಲ್ಲುಗಳಲ್ಲಿ 400 ಕೋಟಿ ವರ್ಷ ದಾಟಿದವಿವೆ, ಆದರೆ ನೀರು ಸೇರಿ ಆದ ಖನಿಜಗಳು ಇಲ್ಲವೆನ್ನುವಷ್ಟು ಕಡಿಮೆ. ಮೈಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಗುಳಿಗಳಿವೆ. ಬಾಹ್ಯಾಕಾಶದ ಧೂಳಿನ ಕಣಗಳು ಭಾರೀ ವೇಗದಲ್ಲಿ ಬಡಿದು ಆದ ಗುಳಿಗಳವು. ವಾತಾವರಣ ಇರುವ ಭೂಮಿಯಲ್ಲಿ ಅಂಥವು ಆಗುವುದಿಲ್ಲ. ಈ ಮಾದರಿಗಳನ್ನು ಅಮೆರಿಕ ತನ್ನಲ್ಲೇ ಬಚ್ಚಿಟ್ಟುಕೊಳ್ಳಲಿಲ್ಲ. ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ದೇವೇಂದ್ರ ಲಾಲ್ ಮತ್ತು ನರೇಂದ್ರ ಭಂಡಾರಿ ಅವರ ತಂಡ ಎಪ್ಪತ್ತರ ದಶಕದಲ್ಲೇ ಅವನ್ನು ಪರೀಕ್ಷಿಸಿದೆ. ನಮ್ಮವರ ಕೈಯಲ್ಲೇ ಪರೀಕ್ಷೆಯಾಗಿದೆ ಎಂಬುದನ್ನು ಮಕ್ಕಳಿಗೆ ಹೇಳುವಾಗ ನನಗೆ ಹೆಮ್ಮೆಯಾಗುತ್ತದೆ.

ಅಲ್ಲಿನ ಗುರುತುಗಳ ಚಿತ್ರಗಳೂ ಇವೆ. 2009ರಿಂದ ಚಂದ್ರನನ್ನು ಸುತ್ತುತ್ತಿರುವ ನಾಸಾದ ಎಲ್‌ಆರ್‌ಒ ನೌಕೆಯ ಚಿತ್ರಗಳಲ್ಲಿ ಇಳಿದ ಯಂತ್ರದ ತಳಭಾಗ, ಉಪಕರಣಗಳು, ಗಗನಯಾತ್ರಿಗಳು ಓಡಾಡಿ ಆದ ಸಣ್ಣ ಕಾಲುದಾರಿ ಸಹ ಕಾಣುತ್ತವೆ. ನಾಸಾದ ಮಾತನ್ನು ನಾಸಾವೇ ಸಮರ್ಥಿಸಿದರೆ ಆಯಿತೇ ಎಂದು ಕೇಳುವವರಿದ್ದಾರೆ, ಕೇಳಲಿ. ನಮ್ಮ ಇಸ್ರೋದ ಚಂದ್ರಯಾನ-2ರ ಆರ್ಬಿಟರ್ ಕೂಡ 2021ರಲ್ಲಿ ಅಪೊಲೊ 11 ಇಳಿದ ಜಾಗದ ಚಿತ್ರ ತೆಗೆದಿದೆ. ಅದಕ್ಕೂ ಮೊದಲು, ಅಪೊಲೊ 15ರ ಎಂಜಿನ್ ನೆಲದ ಧೂಳನ್ನು ಕದಡಿ ಮಾಡಿದ ಗುರುತನ್ನು ಜಪಾನಿನ ಕಗುಯಾ ನೌಕೆ ಪತ್ತೆಹಚ್ಚಿತ್ತು.

ಎಲ್ಲಕ್ಕಿಂತ ನನ್ನನ್ನು ಒಪ್ಪಿಸುವುದು ಎದುರಾಳಿಯ ಮೌನ. ಆಗ ಅಮೆರಿಕಕ್ಕೂ ಸೋವಿಯತ್ತಿಗೂ ಹಾವು ಮುಂಗುಸಿಯ ಸಂಬಂಧ. ಆರ್ಮ್‌ಸ್ಟ್ರಾಂಗ್ ಚಂದ್ರನ ಮೇಲಿದ್ದ ಹೊತ್ತಿನಲ್ಲೇ ಸೋವಿಯತ್ತಿನ ಲೂನಾ 15 ಅಲ್ಲಿ ಇಳಿಯಲು ಹೋಗಿ ಬಡಿದು ನಾಶವಾಯಿತು. ಬ್ರಿಟನ್ನಿನ ಜೋಡ್ರೆಲ್ ಬ್ಯಾಂಕ್ ವೀಕ್ಷಣಾಲಯ ಎರಡೂ ನೌಕೆಗಳ ಸಂಕೇತಗಳನ್ನು ಆಲಿಸುತ್ತಿತ್ತು. ಸಣ್ಣದೊಂದು ಮೋಸ ಸಿಕ್ಕಿದ್ದರೂ ಸೋವಿಯತ್ತು ಜಗತ್ತಿಗೆಲ್ಲ ಡಂಗುರ ಸಾರದೆ ಬಿಡುತ್ತಿತ್ತೇ?

ವಿಡಿಯೋದಲ್ಲಿ ಒಂದು ಮಾತು ಮಾತ್ರ ಸರಿ. ಅಪೊಲೊ 11ರ ಪ್ರಸಾರದ ಮೂಲ ಟೇಪುಗಳು ಇಲ್ಲ. ಅವನ್ನು ಅಳಿಸಿ ಮತ್ತೆ ಬಳಸಿದಂತಿದೆ ಎಂದು ನಾಸಾವೇ 2009ರಲ್ಲಿ ಒಪ್ಪಿಕೊಂಡಿದೆ. ಇದು ಅಕ್ಷಮ್ಯ ನಿರ್ಲಕ್ಷ್ಯ. ಟಿ.ವಿ. ಕೇಂದ್ರಗಳಲ್ಲಿದ್ದ ಪ್ರತಿಗಳು ಉಳಿದಿವೆ, ಇನ್ನುಳಿದ ಐದು ಯಾನಗಳ ದಾಖಲೆಗಳಿವೆ. ಮಕ್ಕಳಿಂದ ಈ ಲೋಪವನ್ನು ಮುಚ್ಚಿಡಬೇಡಿ.

ಹಾಗಾದರೆ ಆಮೇಲೆ ಯಾಕೆ ಇಳಿಯಲಿಲ್ಲ ಎಂದು ಕೇಳಿದರೆ ದುಡ್ಡಿನ ಲೆಕ್ಕ ಹೇಳಿ. 1966ರಲ್ಲಿ ಅಮೆರಿಕ ಸರ್ಕಾರದ ಖರ್ಚಿನಲ್ಲಿ ನೂರಕ್ಕೆ ನಾಲ್ಕಕ್ಕೂ ಹೆಚ್ಚು ಪಾಲು ನಾಸಾಕ್ಕೆ ಹೋಗುತ್ತಿತ್ತು. ಈಗ ನೂರಕ್ಕೆ ಅರ್ಧವೂ ಇಲ್ಲ. ಪೈಪೋಟಿ ಗೆದ್ದಾಗಿತ್ತು, ದುಡ್ಡು ಬೇರೆ ಕಡೆ ಹರಿಯಿತು.

ಹಾಸನದ ಮಕ್ಕಳು ಇದನ್ನೆಲ್ಲ ದೂರದ ಕತೆ ಎಂದುಕೊಳ್ಳಬೇಕಿಲ್ಲ. ಸಾಲಗಾಮೆ ರಸ್ತೆಯ ಇಸ್ರೋ ಕೇಂದ್ರದ ದೊಡ್ಡ ತಟ್ಟೆಗಳನ್ನು ಅವರು ಬಸ್ಸಿನ ಕಿಟಕಿಯಿಂದ ನೋಡಿಯೇ ಇರುತ್ತಾರೆ. 36,000 ಕಿಲೋಮೀಟರ್ ಎತ್ತರದ ಉಪಗ್ರಹಗಳನ್ನು ಎಂಸಿಎಫ್ ಎಂಬ ಈ ನಿಯಂತ್ರಣ ಕೇಂದ್ರ ಅಲ್ಲಿಂದಲೇ ನೋಡಿಕೊಳ್ಳುತ್ತದೆ. ಚಂದ್ರ ಅದರ ಹತ್ತು ಪಟ್ಟಿಗೂ ಮೀರಿದ ದೂರದಲ್ಲಿದ್ದಾನೆ. ಚಂದ್ರಯಾನಗಳ ಜೊತೆ ಮಾತಾಡಿದ್ದು ಬೆಂಗಳೂರಿನ ಹತ್ತಿರದ ಬ್ಯಾಲಾಳಿನ ಆ್ಯಂಟೆನಾ. 2023ರ ಆಗಸ್ಟ್ 23ರ ಸಂಜೆ ವಿಕ್ರಮ್ ಇಳಿದಾಗ ನೀವು ಟಿ.ವಿ. ಮುಂದೆ ಕೂತು ನಂಬಿದ್ದು ಅಲ್ಲಿಗೆ ಬಂದ ಸಂಕೇತವನ್ನೇ.

ಬರುವ ಶುಕ್ಲ ಪಕ್ಷದ ಅಷ್ಟಮಿಯ ಸಂಜೆ ಆರೂವರೆಗೆ ಶಾಲೆಯ ಮೈದಾನಕ್ಕೆ ಬನ್ನಿ. ತಾರೀಖನ್ನು ಮಕ್ಕಳ ಡೈರಿಯಲ್ಲಿ ಬರೆಸಿದ್ದೇವೆ. ದುರ್ಬೀನಿನಲ್ಲಿ ಚಂದ್ರನ ಬೆಳಗಿದ ಅರ್ಧದಲ್ಲಿರುವ ಕಪ್ಪು ಬಯಲುಗಳನ್ನು ತೋರಿಸುತ್ತೇವೆ. ಅಪೊಲೊ 11 ಇಳಿದದ್ದು ಅವುಗಳಲ್ಲೊಂದರಲ್ಲಿ, ಟ್ರ್ಯಾಂಕ್ವಿಲಿಟಿ ಎಂಬಲ್ಲಿ. ಬಾವುಟ ಕಾಣಬಹುದೆಂದು ಮಕ್ಕಳಿಗೆ ಆಸೆ ಹುಟ್ಟಿಸಬೇಡಿ, ಭೂಮಿಯ ಮೇಲಿನ ಯಾವ ದೂರದರ್ಶಕಕ್ಕೂ ಅಷ್ಟು ಸಣ್ಣದು ಕಾಣುವುದಿಲ್ಲ. ವಿಡಿಯೋ ಕಳಿಸಿದವರೂ ಸಂಕೋಚವಿಲ್ಲದೆ ಬನ್ನಿ, ಫೋನಿನಲ್ಲಿ ಅದು ಇರಲಿ. ಒಂದೊಂದೇ ದೃಶ್ಯ ನಿಲ್ಲಿಸಿ ಮಕ್ಕಳ ಎದುರೇ ಮಾತಾಡೋಣ. ಸ್ಟಂಪುಗಳ ಪ್ರಯೋಗಕ್ಕೆ ಬಿಸಿಲು ಬೇಕಾದ್ದರಿಂದ ಅದನ್ನು ನೋಡಬೇಕೆನ್ನುವವರು ನಾಲ್ಕೂವರೆಗೇ ಬರಬೇಕು. ಮಕ್ಕಳಿಗೆ ಸ್ವೆಟರ್ ಹಾಕಿಸಿ ಕಳಿಸಿ, ವಾಪಸು ಕರೆದೊಯ್ಯಲು ಮನೆಯಿಂದ ಒಬ್ಬರು ಬರುವುದು ಕಡ್ಡಾಯ. ಮೋಡ ಕವಿದರೆ ಮಾತುಕತೆ ಒಳಗೆ ಸಭಾಂಗಣದಲ್ಲಿ ನಡೆಯುತ್ತದೆ.

ಇಂತಿ ತಮ್ಮ ವಿಶ್ವಾಸಿ,
ಮುಖ್ಯೋಪಾಧ್ಯಾಯಿನಿ
ಪ್ರೌಢಶಾಲೆ, ಹಾಸನ ತಾಲ್ಲೂಕು