ಶಿಕ್ಷಣ ಸಚಿವರಿಗೆ ಬಹಿರಂಗ ಪತ್ರ: ಲ್ಯಾಬ್ ಟೆಂಡರ್‌ನಲ್ಲಿ ಸೀಟು ಲೆಕ್ಕ ಹಾಕಿ ಸರ್

ಮಾನ್ಯ ಸಚಿವರೇ, ನಮಸ್ಕಾರ.

ಸರ್ಕಾರಿ ಶಾಲೆ ಲ್ಯಾಬ್‌ಗೆ ಟೆಂಡರ್ ಕರೆಯೋವಾಗ "ಇಷ್ಟು ಕಂಪ್ಯೂಟರ್" ಅಂತ ಬರೀತಾರೆ, ದುಡ್ಡು ಎಲ್ಲಿಗೆ ಮುಗಿಯುತ್ತೋ ಕಂಪ್ಯೂಟರೂ ಅಲ್ಲಿಗೇ ಮುಗೀತು, ಆಮೇಲೆ ಒಂದೊಂದರ ಮುಂದೆ ನಾಲ್ಕು ಮಕ್ಕಳು, ಒಬ್ಬ ಮೌಸ್ ಹಿಡ್ಕೊಂಡಿರ್ತಾನೆ, ಮಿಕ್ಕ ಮೂವರು ಹಿಂದಿನಿಂದ ಇಣುಕ್ತಾ ನಿಂತಿರ್ತಾರೆ, ಬೆಲ್ ಹೊಡೆಯೋವರೆಗೂ ಅವರಿಗೆ ಕೀಬೋರ್ಡ್ ಮುಟ್ಟೋಕೇ ಸಿಗಲ್ಲ. ಕಣ್ಣಲ್ಲಿ ನೋಡಿ ಟೈಪಿಂಗ್ ಕಲಿಯೋಕಾಗುತ್ತಾ ಸರ್?

ಅಷ್ಟೊತ್ತೂ ಆ ಪ್ರೊಸೆಸರ್ ಬಹುತೇಕ ಸುಮ್ನೆ ಕೂತಿರುತ್ತೆ. ಅದೇ ಸಿಪಿಯುಗೆ, ಅಂದ್ರೆ ಆ ಒಂದೇ ಕಂಪ್ಯೂಟರ್ ಡಬ್ಬಕ್ಕೆ, ನಾಲ್ಕು ಮಾನಿಟರ್, ನಾಲ್ಕು ಕೀಬೋರ್ಡ್, ನಾಲ್ಕು ಮೌಸ್ ಹಾಕಿ, ನಾಲ್ವರೂ ಅವರವರ ಲಾಗಿನ್‌ನಲ್ಲಿ ಬೇರೆಬೇರೆ ಕೆಲಸ ಮಾಡಬಹುದು, ಇದಕ್ಕೆ ಮಲ್ಟಿಸೀಟ್ ಅಂತಾರೆ, ಒಬ್ಬರಿಗೆ ಬೇಕಾದ ಮಾನಿಟರ್, ಕೀಬೋರ್ಡ್, ಮೌಸ್ ಸೇರಿ ಒಂದು ಸೀಟು. ಪ್ರತಿ ಸೀಟಿಗೂ ಒಂದು ಗ್ರಾಫಿಕ್ಸ್ ಕಾರ್ಡ್ ಇಲ್ಲಾ ಯುಎಸ್‌ಬಿ ಡಿಸ್‌ಪ್ಲೇ ಅಡಾಪ್ಟರ್ ಬೇಕು, ಜೊತೆಗೆ ಕೀಬೋರ್ಡ್, ಮೌಸ್ ಚುಚ್ಚೋಕೆ ಒಂದು ಯುಎಸ್‌ಬಿ ಹಬ್. ವಿಂಡೋಸ್ ಥರದ್ದೇ ಆದ ಉಚಿತ ಲಿನಕ್ಸ್‌ನಲ್ಲಿ, ಅದನ್ನ ಶುರು ಮಾಡಿ ನೋಡ್ಕೊಳ್ಳೋ ಸಿಸ್ಟಮ್‌ಡಿ ಅನ್ನೋ ಭಾಗದ ಒಳಗೇ ಈ ಸೌಲಭ್ಯ ಇದೆ, ಯಾವ ಹಬ್ ಯಾವ ಸೀಟಿಗೆ ಅಂತ ಒಂದ್ಸಲ ಹೇಳಿಟ್ರೆ ರೀಸ್ಟಾರ್ಟ್ ಆದ್ಮೇಲೂ ಹಾಗೇ ಇರುತ್ತೆ. ಒಂದು ಮಗು ಶಟ್‌ಡೌನ್ ಒತ್ತಿದ್ರೆ ಎಲ್ಲರ ಕೆಲಸ ಹೋಗುತ್ತಲ್ಲ ಅಂತ ಟೀಚರ್‌ಗಳು ಕೇಳ್ತಾರೆ, ನ್ಯಾಯವಾದ ಪ್ರಶ್ನೆನೇ, ಆದ್ರೆ ಬೇರೆಯವರು ಲಾಗಿನ್ ಆಗಿದ್ದಾಗ ಶಟ್‌ಡೌನ್‌ಗೆ ಅಡ್ಮಿನ್ ಪಾಸ್‌ವರ್ಡ್ ಕೇಳೋ ಹಾಗೆ ಇಡಬಹುದು.

ಇದೇನು ಹೊಸ ಪ್ರಯೋಗ ಅಲ್ಲ. ಬ್ರೆಜಿಲ್‌ನಲ್ಲಿ ಪರಾನಾ ರಾಜ್ಯದ ಸರ್ಕಾರಿ ಶಾಲೆಗಳಲ್ಲಿ ಒಂದು ಸಿಪಿಯುಗೆ ನಾಲ್ಕು ಸೀಟಿನ ಲ್ಯಾಬ್ ಮಾಡಿದ್ರು, 2009ರಲ್ಲಿ ಇಡೀ ದೇಶದ ಶಾಲೆಗಳಿಗೆ ಇಂಥ 3 ಲಕ್ಷಕ್ಕೂ ಜಾಸ್ತಿ ಸೀಟುಗಳ ಯೋಜನೆ ಘೋಷಣೆ ಆಗಿತ್ತು.

ತೊಂದರೆನೂ ಇದೆ, ಮುಚ್ಚಿಡಲ್ಲ. ಸಿಪಿಯು ಕೆಟ್ರೆ ನಾಲ್ಕೂ ಸೀಟು ಒಟ್ಟಿಗೆ ಬಂದ್, ಹಾಗಾಗಿ ಶಾಲೆಗೊಂದು ಸ್ಪೇರ್ ಸಿಪಿಯು ಇಡಲೇಬೇಕು. ರ‍್ಯಾಮ್ ಕಮ್ಮಿ ಹಾಕಿದ್ರೆ ನಾಲ್ಕು ಜನ ಬ್ರೌಸರ್ ತೆಗೆದ ತಕ್ಷಣ ಒದ್ದಾಡುತ್ತೆ. ವಿಡಿಯೋ ಎಡಿಟಿಂಗ್‌ಗೆಲ್ಲ ಇದು ಆಗಿಬರಲ್ಲ, ಅದಕ್ಕೆ ಬೇರೆ ಮಷೀನೇ ಬೇಕು. ಇನ್ನೊಂದು ಮಾತು, ಒಂದೇ ಕಂಪನಿ ಸಾಫ್ಟ್‌ವೇರ್ ನೆಚ್ಕೊಳ್ಳೋದು ಬೇಡ, ಮೈಕ್ರೋಸಾಫ್ಟ್ ಇದಕ್ಕಂತಲೇ 2010ರಲ್ಲಿ ಮಲ್ಟಿಪಾಯಿಂಟ್ ಸರ್ವರ್ ಅನ್ನೋ ಸಾಫ್ಟ್‌ವೇರ್ ತಂತು, ವಿಂಡೋಸ್ ಸರ್ವರ್ 2019 ಬರೋ ಹೊತ್ತಿಗೆ ಅದನ್ನ ತೆಗೆದೇಬಿಡ್ತು.

ನಮ್ಮ ಬೇಡಿಕೆ ಇಷ್ಟೇ ಸರ್, ಮುಂದಿನ ಟೆಂಡರ್‌ನಲ್ಲಿ "ಕಂಪ್ಯೂಟರ್ ಸಂಖ್ಯೆ" ಅನ್ನೋ ಕಡೆ "ಸೀಟುಗಳ ಸಂಖ್ಯೆ" ಅಂತ ಹಾಕಿಸಿ, ಒಂದು ಸಿಪಿಯುಗೆ ನಾಲ್ಕಕ್ಕಿಂತ ಜಾಸ್ತಿ ಬೇಡ ಅಂತ ಷರತ್ತಿಡಿ, ಯುಪಿಎಸ್ ಕಡ್ಡಾಯ ಮಾಡಿ. ಗುಜರಿಗೆ ಹಾಕೋಕೆ ಅಂತ ಸ್ಟೋರ್ ರೂಮಲ್ಲಿ ಪೇರಿಸಿಟ್ಟಿರೋ ಮಾನಿಟರ್‌ಗಳಲ್ಲಿ ಕೆಲಸ ಮಾಡೋವು ಎಷ್ಟಿವೆ ಅಂತ ಟೆಂಡರ್‌ಗೆ ಮುಂಚೆ ಒಂದು ಲಿಸ್ಟ್ ತರಿಸಿ.

ಇಂತಿ,
ಸರ್ಕಾರಿ ಶಾಲೆ ಮಕ್ಕಳ ಪೋಷಕರಲ್ಲೊಬ್ಬರು