ವೇಗಸ್ ತಂಡ ದುಡ್ಡಿಂದಲೇ ಗೆದ್ದಿದ್ದಲ್ಲ

ಸಂಪಾದಕರಿಗೆ ನಮಸ್ಕಾರ,

ಅಮೆರಿಕ-ಕೆನಡಾದ ಎನ್‌ಎಚ್‌ಎಲ್ ಐಸ್ ಹಾಕಿ ಲೀಗ್‌ನ ವೇಗಸ್ ಗೋಲ್ಡನ್ ನೈಟ್ಸ್ ಬಗ್ಗೆ ಮಾತು ಬಂದಾಗೆಲ್ಲ "ದುಡ್ಡು ಸುರಿದ್ರು, ಕಪ್ ಎತ್ಕೊಂಡ್ರು" ಅಂತ ಒಂದೇ ಸಾಲಲ್ಲಿ ಮುಗಿಸಿಬಿಡ್ತಾರೆ. ಇದು ಸರಿಯಲ್ಲ. ಲೀಗ್ ಸೇರೋಕೆ ತಂಡದ ಮಾಲೀಕ ಬಿಲ್ ಫೋಲಿ ಮತ್ತವರ ಪಾಲುದಾರರು 50 ಕೋಟಿ ಡಾಲರ್ ಕಟ್ಟಿದ್ದು ನಿಜ, ಆದ್ರೆ ಅದಕ್ಕೆ ಸಿಕ್ಕಿದ್ದೇನು, ಹೊಸ ತಂಡಕ್ಕೆ ಆಟಗಾರರನ್ನ ಆರಿಸೋ 2017ರ ಜೂನ್ ಡ್ರಾಫ್ಟ್‌ನಲ್ಲಿ ಉಳಿದ 30 ತಂಡಗಳು ತಮಗೆ ಬೇಕಾದವರನ್ನ ಉಳಿಸ್ಕೊಂಡ ಮೇಲೆ ಮಿಕ್ಕವರಲ್ಲಿ ತಂಡಕ್ಕೊಬ್ಬರಂತೆ 30 ಜನ. ಹಳೇ ಡ್ರಾಫ್ಟ್‌ಗಳಿಗಿಂತ ಆ ಸಲದ ರೂಲ್ಸ್ ಹೊಸ ತಂಡಕ್ಕೆ ಅನುಕೂಲವಾಗಿತ್ತು, ಒಪ್ತೀನಿ. ಆದ್ರೂ ಆ ಸೀಸನ್ 30 ಗೋಲ್ ಹೊಡೆದಿದ್ದ ಜೊನಾಥನ್ ಮಾರ್ಶಸೋನ ಕೈಬಿಟ್ಟಿದ್ದು ಫ್ಲೋರಿಡಾ ಪ್ಯಾಂಥರ್ಸ್, ಜೊತೆಗೆ ರೈಲಿ ಸ್ಮಿತ್‌ನೂ ಬರೀ ಒಂದು ನಾಲ್ಕನೇ ರೌಂಡ್ ಪಿಕ್‌ಗೆ (ಮುಂದೆ ಹೊಸ ಹುಡುಗರನ್ನ ಆರಿಸುವಾಗ ನಾಲ್ಕನೇ ಸುತ್ತಲ್ಲಿ ಒಬ್ಬನನ್ನ ತಗೊಳ್ಳೋ ಹಕ್ಕು) ವೇಗಸ್‌ಗೆ ಕಳಿಸಿಕೊಟ್ರು.

ತಂಡ ಲೀಗ್‌ನಲ್ಲಿ ಮೊದಲ ಮ್ಯಾಚ್ ಆಡೋ ಮುಂಚೆನೇ, ಅಕ್ಟೋಬರ್ 1ರ ರಾತ್ರಿ, ಲಾಸ್ ವೇಗಸ್‌ನಲ್ಲಿ ಸಂಗೀತ ಕಾರ್ಯಕ್ರಮದ ಮೇಲೆ ಗುಂಡಿನ ದಾಳಿ ಆಯ್ತು, ಆಗಿನ ಲೆಕ್ಕದಲ್ಲಿ 58 ಜನ ಸತ್ರು. ಅಕ್ಟೋಬರ್ 10ಕ್ಕೆ ಊರಲ್ಲಿ ಲೀಗ್‌ನ ಮೊದಲ ಮ್ಯಾಚ್. ರಿಂಕ್ (ಐಸ್ ಅಂಗಳ) ಸುತ್ತ ಹಲಗೆಗಳ ಮೇಲೆ ಒಂದೂ ಜಾಹೀರಾತಿಲ್ಲ, ಬರೀ "ವೇಗಸ್ ಸ್ಟ್ರಾಂಗ್" ಅಂತ ಬರೆದಿತ್ತು, ಒಬ್ಬೊಬ್ಬ ಆಟಗಾರನ ಜೊತೆ ಆ ರಾತ್ರಿ ಜೀವ ಉಳಿಸೋಕೆ ಓಡಾಡಿದವರನ್ನೂ ಐಸ್ ಮೇಲೆ ಕರೆದ್ರು, 58 ಸೆಕೆಂಡ್ ಮೌನ. ಮೈಕ್ ಹಿಡಿದಿದ್ದು ಡೆರಿಕ್ ಎಂಗೆಲ್ಯಾಂಡ್, ಹಿಂದೆ ಅದೇ ಊರಿನ ಸಣ್ಣ ಲೀಗ್ ತಂಡದಲ್ಲಿ ಆಡಿ ಅಲ್ಲೇ ಮನೆ ಮಾಡ್ಕೊಂಡಿದ್ದ ಡಿಫೆಂಡರ್. ಗೋಲ್ ಹೊಡೆಯೋದು ಅಪರೂಪ, ಆದ್ರೆ ಅವತ್ತು ಮೊದಲ ಪೀರಿಯಡ್‌ನಲ್ಲೇ ಹೊಡೆದ. 5-2 ಗೆಲುವು. ಊರಿಗೂ ತಂಡಕ್ಕೂ ನಂಟು ಬೆಳೆದಿದ್ದು ಅಲ್ಲಿಂದ, ಇದನ್ನ ಯಾವ ದುಡ್ಡೂ ಕೊಂಡ್ಕೊಳ್ಳೋಕಾಗಲ್ಲ.

ಮೊದಲ ವರ್ಷವೇ 109 ಪಾಯಿಂಟ್, ಫೈನಲ್, ಏಳು ಮ್ಯಾಚ್‌ಗಳ ಆ ಫೈನಲ್‌ನಲ್ಲಿ ವಾಷಿಂಗ್ಟನ್ ಎದುರು 4-1 ಮ್ಯಾಚ್‌ಗಳಿಂದ ಸೋಲು. ಆಮೇಲೆ ತಪ್ಪುಗಳೂ ಆದ್ವು. ತಂಡದ ಮುಖವೇ ಆಗಿದ್ದ ಗೋಲ್‌ಕೀಪರ್ ಮಾರ್ಕ್-ಆಂಡ್ರೆ ಫ್ಲೂರಿ 2021ರಲ್ಲಿ ಲೀಗ್‌ನ ಬೆಸ್ಟ್ ಗೋಲ್‌ಕೀಪರ್ ಅಂತ ವೆಜಿನಾ ಟ್ರೋಫಿ ಗೆದ್ದ, ಮರು ತಿಂಗಳೇ ತಂಡದ ಒಟ್ಟು ಸಂಬಳಕ್ಕೆ ಲೀಗ್ ಹಾಕಿರೋ ಮಿತಿಯ ಲೆಕ್ಕ ಹಾಕಿ ಅವನನ್ನ ಶಿಕಾಗೋಗೆ ಸಾಗಹಾಕಿದ್ರು. ನನಗೆ ಅದು ಇನ್ನೂ ನುಂಗೋಕಾಗದ ಮಾತು. ಮುಂದಿನ ಸೀಸನ್ ಪ್ಲೇಆಫ್ (ಲೀಗ್ ಹಂತದ ನಂತರದ ನಾಕೌಟ್ ಸುತ್ತು) ಕೂಡ ಸಿಗಲಿಲ್ಲ.

2023ರ ಜೂನ್ 13, ಫೈನಲ್‌ನ ಐದನೇ ಮ್ಯಾಚ್, ಎದುರಿಗೆ ಅದೇ ಫ್ಲೋರಿಡಾ. ಕೋಚ್ ಬ್ರೂಸ್ ಕ್ಯಾಸಿಡಿ ಮೊದಲು ಐಸ್‌ಗಿಳಿಸಿದ್ದು ಮಾರ್ಶಸೋ, ಸ್ಮಿತ್, ವಿಲಿಯಂ ಕಾರ್ಲ್‌ಸನ್, ಶೇ ಥಿಯೋಡರ್, ಬ್ರೇಡನ್ ಮೆಕ್‌ನ್ಯಾಬ್, ಐವರೂ ಮೊದಲ ವರ್ಷದಿಂದ ಇದ್ದವರು. 9-3ಕ್ಕೆ ಗೆದ್ದು ಲೀಗ್ ಚಾಂಪಿಯನ್ನರಿಗೆ ಕೊಡೋ ಸ್ಟ್ಯಾನ್ಲಿ ಕಪ್ ತಗೊಂಡ್ರು, ಪ್ಲೇಆಫ್‌ನ ಶ್ರೇಷ್ಠ ಆಟಗಾರ ಪ್ರಶಸ್ತಿ ಮಾರ್ಶಸೋಗೇ ಬಂತು. ಈ ತಂಡದ ಬಗ್ಗೆ ಮುಂದೆ ಬರೆಯುವಾಗ ದಯವಿಟ್ಟು ಈ ಐದು ಹೆಸರನ್ನಾದ್ರೂ ಹಾಕಿ.

ಇಂತಿ,
ಒಬ್ಬ ಓದುಗ