ಹಸುಗೂಸಿನ ರಿಪೋರ್ಟಿಗೆ ದೊಡ್ಡವರ ಅಳತೆ ಬೇಡ: ಆರೋಗ್ಯ ಸಚಿವರಿಗೊಂದು ಬಹಿರಂಗ ಪತ್ರ

ಕರ್ನಾಟಕದ ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರಿಗೆ,

ನಮಸ್ಕಾರ ಸರ್. ನಾನೊಬ್ಬ ಲ್ಯಾಬ್ ಟೆಕ್ನಿಷಿಯನ್. ರಕ್ತ ಪರೀಕ್ಷೆ ಮಾಡಿ ರಿಪೋರ್ಟ್ ಕೊಡುವುದು ನನ್ನ ಕೆಲಸ. ನಿಮ್ಮಲ್ಲಿ ಕೇಳಬೇಕಾಗಿರುವುದು ಒಂದೇ ವಿಷಯ. ನಮ್ಮ ರಾಜ್ಯದಲ್ಲಿ ಈಗಷ್ಟೇ ಹುಟ್ಟಿದ ಮಗುವಿನ ರಿಪೋರ್ಟಿನಲ್ಲಿ, ಮಗುವಿನ ಫಲಿತಾಂಶದ ಪಕ್ಕದಲ್ಲಿ ದೊಡ್ಡವರ ನಾರ್ಮಲ್ ಮಿತಿ ಅಚ್ಚಾಗುವುದು ನಿಲ್ಲಬೇಕು.

ಇದು ಹೇಗಾಗುತ್ತದೆ ಅಂತ ಮೊದಲು ಹೇಳುತ್ತೇನೆ. ವಾರ್ಡಿನಿಂದ ಚೀಟಿ ಬರುತ್ತದೆ. ಹೆಸರಿನ ಜಾಗದಲ್ಲಿ 'ಬೇಬಿ ಆಫ್' ಅಂತ ಬರೆದು ತಾಯಿಯ ಹೆಸರು ಇರುತ್ತದೆ. ವಯಸ್ಸಿನ ಜಾಗದಲ್ಲಿ '1 ದಿನ' ಅಂತ ಇರುತ್ತದೆ, ಇಲ್ಲವೇ ಖಾಲಿ. ಎಷ್ಟೋ ಲ್ಯಾಬ್‌ಗಳ ಸಾಫ್ಟ್‌ವೇರ್ ವಯಸ್ಸನ್ನು ವರ್ಷದಲ್ಲೇ ಕೇಳುತ್ತದೆ. ಸೊನ್ನೆ ಹಾಕಿದರೆ ಒಪ್ಪುವುದಿಲ್ಲ, ಹಾಗಾಗಿ ಒಂದು ಅಂತ ಒತ್ತುತ್ತಾರೆ. ಸಾಫ್ಟ್‌ವೇರ್ ತನ್ನಲ್ಲಿರುವ ಒಂದೇ ಮಿತಿಯನ್ನು, ಅಂದರೆ ದೊಡ್ಡವರ ಮಿತಿಯನ್ನು, ಪಕ್ಕದಲ್ಲಿ ಹಾಕಿ ದಪ್ಪ ಅಕ್ಷರದಲ್ಲಿ 'ಹೈ' ಅಥವಾ 'ಲೋ' ಅಂತ ಗುರುತು ಮಾಡಿಬಿಡುತ್ತದೆ.

ಇದರಿಂದ ಏನು ತೊಂದರೆ ಅಂತ ತೋರಿಸಲು ಜಾಂಡೀಸ್ ಪರೀಕ್ಷೆಯೊಂದೇ ಸಾಕು. ಮೂರು ಮಕ್ಕಳ ರಿಪೋರ್ಟ್ ಬಂದಿದೆ ಅಂದುಕೊಳ್ಳಿ. ಮೂರರಲ್ಲೂ ಬಿಲಿರುಬಿನ್, ಅಂದರೆ ಜಾಂಡೀಸ್‌ನಲ್ಲಿ ಮೈ ಹಳದಿ ಮಾಡುವ ಅಂಶ, 12 ಮಿಲಿಗ್ರಾಂ. ಮೊದಲನೆಯದು ದಿನ ತುಂಬಿ ಹುಟ್ಟಿದ, ಚೆನ್ನಾಗಿ ಹಾಲು ಕುಡಿಯುತ್ತಿರುವ ನಾಲ್ಕು ದಿನದ ಮಗು. ಇದನ್ನು ಸಾಮಾನ್ಯವಾಗಿ ನೋಡಿಕೊಂಡಿದ್ದರೆ ಸಾಕು. ಎರಡನೆಯದೂ ದಿನ ತುಂಬಿದ್ದೇ, ಆದರೆ ಹುಟ್ಟಿ ಇನ್ನೂ 24 ಗಂಟೆಯೂ ಆಗಿಲ್ಲ. ಮೊದಲ ದಿನವೇ ಇಷ್ಟು ಏರಿದೆ ಅಂದರೆ ತಾಯಿ–ಮಗುವಿನ ರಕ್ತದ ಗುಂಪು ಹೊಂದದೆ ಕಣಗಳು ಒಡೆಯುತ್ತಿವೆಯಾ ಅಂತ ಆ ಕ್ಷಣವೇ ನೋಡಬೇಕು, ನೀಲಿ ಲೈಟಿನ ಕೆಳಗೆ ಇಡಬೇಕು. ಮೂರನೆಯದು 27 ವಾರಕ್ಕೇ ಹುಟ್ಟಿದ ಮಗು. ಅಂಥ ಮಗುವಿಗೆ 5–6 ಬಂದಾಗಲೇ ಲೈಟ್ ಶುರು ಮಾಡುತ್ತಾರೆ. 12 ಮುಟ್ಟಿದರೆ ರಕ್ತವನ್ನೇ ಬದಲಾಯಿಸಬೇಕಾ ಅಂತ ಡಾಕ್ಟರು ಯೋಚಿಸುವ ಮಟ್ಟ ಅದು. ತಡವಾದರೆ ಮಿದುಳಿಗೆ ಪೆಟ್ಟು.

ಮೂರೂ ರಿಪೋರ್ಟಿನಲ್ಲಿ ಅಚ್ಚಾಗುವುದು ಒಂದೇ ಸಾಲು: ನಾರ್ಮಲ್ 0.2ರಿಂದ 1.2, ಹೈ. ಆರಾಮಾಗಿರುವ ಮಗುವಿನ ಮನೆಯವರನ್ನು ಈ ಸಾಲು ಸುಮ್ನೆ ಹೆದರಿಸುತ್ತದೆ. ಅಪಾಯದಲ್ಲಿರುವ ಮಗುವಿನ ವಿಷಯದಲ್ಲಿ ಇದು ಯಾರನ್ನೂ ಎಚ್ಚರಿಸುವುದಿಲ್ಲ, ಯಾಕೆಂದರೆ ಎಲ್ಲ ಮಕ್ಕಳಿಗೂ 'ಹೈ' ಬರುವುದನ್ನು ನೋಡಿ ನೋಡಿ ವಾರ್ಡಿನವರಿಗೂ ಆ ಗುರುತಿಗೆ ಬೆಲೆಯೇ ಉಳಿದಿರುವುದಿಲ್ಲ.

ಮಕ್ಕಳ ಡಾಕ್ಟರಿಗೆ ಇದೆಲ್ಲ ಗೊತ್ತಲ್ವಾ ಅಂತ ನೀವು ಕೇಳಬಹುದು. ಖಂಡಿತ ಗೊತ್ತು. ಆದರೆ ರಿಪೋರ್ಟು ಅವರ ಕೈಗೇ ಹೋಗುತ್ತದೆ ಅನ್ನುವ ಭರವಸೆ ಎಲ್ಲಿದೆ? ಸಹಜ ಹೆರಿಗೆಯಾದರೆ ಬಾಣಂತಿ ಎರಡು ದಿನಕ್ಕೆ ಮನೆಗೆ ಹೋಗಿರುತ್ತಾಳೆ. ದಿನ ತುಂಬಿದ ಮಗುವಿಗೆ ಜಾಂಡೀಸ್ ಜಾಸ್ತಿಯಾಗುವುದು ಮೂರರಿಂದ ಐದನೇ ದಿನದಲ್ಲಿ. ಆಗ ಊರಿನ ಹತ್ತಿರದ ಲ್ಯಾಬಿನಲ್ಲಿ ಪರೀಕ್ಷೆ ಮಾಡಿಸುತ್ತಾರೆ. ಆ ಕಾಗದವನ್ನು ಮೊದಲು ನೋಡುವವರು ಅಜ್ಜಿ, ಮಾವ, ಪಕ್ಕದ ಮನೆಯವರು, ಮೆಡಿಕಲ್ ಶಾಪಿನವರು. ಮೂರನೇ ದಿನ, ಏಳನೇ ದಿನ ಮನೆಗೆ ಬರುವ ಆಶಾ ಕಾರ್ಯಕರ್ತೆಗೂ ಅದನ್ನೇ ತೋರಿಸುತ್ತಾರೆ. ತಾಲ್ಲೂಕು ಆಸ್ಪತ್ರೆಯಲ್ಲಿ ರಾತ್ರಿ ಡ್ಯೂಟಿಯಲ್ಲಿರುವವರು ಮಕ್ಕಳ ಡಾಕ್ಟರೇ ಆಗಿರಬೇಕೆಂದಿಲ್ಲ. ಇವರೆಲ್ಲರಿಗೂ ಆ ಹೊತ್ತಿಗೆ ದಾರಿ ತೋರಿಸಬೇಕಾದದ್ದು ರಿಪೋರ್ಟೇ.

ರಕ್ತದ ಕಣಗಳ ಲೆಕ್ಕಕ್ಕೆ ಬನ್ನಿ. ಹುಟ್ಟಿದ ಮಗುವಿನ ಬಿಳಿ ರಕ್ತಕಣ 9,000ದಿಂದ 30,000ದವರೆಗೂ ಇರಬಹುದು. ಮೊದಲ ಅರ್ಧ ದಿನದಲ್ಲಿ ಏರಿ ಆಮೇಲೆ ಇಳಿಯುತ್ತದೆ. ನಮ್ಮ ಕಾಗದ 11,000ಕ್ಕೇ ಗೆರೆ ಎಳೆಯುತ್ತದೆ. 22,000 ನೋಡಿದ ತಂದೆ ಕೌಂಟರಿಗೆ ಬಂದು 'ಸರ್, ಮಗುವಿಗೆ ಇನ್ಫೆಕ್ಷನ್ ಜಾಸ್ತಿ ಆಗಿದೆಯಾ?' ಅಂತ ಕೇಳುತ್ತಾರೆ. ಉತ್ತರ ಹೇಳುವ ಅಧಿಕಾರ ನನಗಿಲ್ಲ, ಆದರೆ ಆ ಭಯ ಹುಟ್ಟಿಸಿದ ಕಾಗದ ಕೊಟ್ಟವನು ನಾನೇ. ಸೋಂಕು ತೋರಿಸುವ ಸಿಆರ್‌ಪಿ ಕೂಡ ಆರೋಗ್ಯವಂತ ಮಗುವಿನಲ್ಲೇ ಮೊದಲ ಒಂದೆರಡು ದಿನ ಸ್ವಲ್ಪ ಏರುತ್ತದೆ. ಇನ್ನೊಂದು ವಿಷಯವಿದೆ. ದಿನ ತುಂಬದ ಮಕ್ಕಳ ರಕ್ತದಲ್ಲಿ ಇನ್ನೂ ಬಲಿಯದ ಕೆಂಪು ಕಣಗಳು ಜಾಸ್ತಿ. ಕೆಲವು ಮೆಷಿನ್‌ಗಳು ಅವನ್ನೂ ಬಿಳಿ ಕಣ ಅಂತಲೇ ಎಣಿಸಿಬಿಡುತ್ತವೆ. ಸ್ಲೈಡ್ ಮಾಡಿ ಕಣ್ಣಲ್ಲಿ ನೋಡಿ ಲೆಕ್ಕ ಸರಿಪಡಿಸಬೇಕು. ಇದು ಹಸುಗೂಸಿನ ರಕ್ತ ಅಂತ ಚೀಟಿಯಲ್ಲಿ ಸರಿಯಾಗಿ ಬರೆದಿದ್ದರೆ ತಾನೇ ಸ್ಲೈಡ್ ನೋಡಬೇಕು ಅಂತ ಹೊಳೆಯುವುದು?

ಇಷ್ಟು ಹೊತ್ತು ಹೇಳಿದ್ದು ಸುಳ್ಳು ಎಚ್ಚರಿಕೆಯ ಕತೆ. ನನಗೆ ನಿಜವಾಗಿ ಸಂಕಟವಾಗುವುದು ಎಚ್ಚರಿಕೆಯೇ ಬರದ ರಿಪೋರ್ಟುಗಳಿಂದ.

ಕಿಡ್ನಿ ಹೊರಹಾಕಬೇಕಾದ ಕಸ, ಕ್ರಿಯಾಟಿನಿನ್ ನೋಡಿ. ಹುಟ್ಟಿದ ಮೊದಲ ದಿನ ಮಗುವಿನ ರಕ್ತದಲ್ಲಿ ಸಿಗುವುದು ಹೆಚ್ಚುಕಡಿಮೆ ತಾಯಿಯ ಕ್ರಿಯಾಟಿನಿನ್ನೇ. ದಿನ ತುಂಬಿದ ಮಗುವಿನಲ್ಲಿ ಅದು ಒಂದೆರಡು ವಾರದಲ್ಲಿ 0.2ರಿಂದ 0.4ರ ಆಸುಪಾಸಿಗೆ ಇಳಿಯಬೇಕು. ಮೂರು ವಾರದ ಅಂಥ ಮಗುವಿಗೆ 0.9 ಬಂದರೆ ಕಿಡ್ನಿ ಸರಿಯಾಗಿ ಕೆಲಸ ಮಾಡುತ್ತಿಲ್ಲ ಅಂತ ಅನುಮಾನಿಸಲೇಬೇಕು. ದೊಡ್ಡವರ ಮಿತಿ ಸುಮಾರು 0.6ರಿಂದ 1.2. ಹಾಗಾಗಿ ನಮ್ಮ ಕಾಗದದಲ್ಲಿ ಆ 0.9 ಯಾವ ಗುರುತೂ ಇಲ್ಲದೆ ಅಚ್ಚಾಗುತ್ತದೆ. ಅದೇ ಲೆಕ್ಕದಲ್ಲಿ ಆರೋಗ್ಯವಾಗಿರುವ ಮಗುವಿನ 0.3ಕ್ಕೆ 'ಲೋ' ಬೀಳುತ್ತದೆ. ಇನ್ನು ಬೇಗ ಹುಟ್ಟಿದ ಮಗುವಿನ ದಾರಿಯೇ ಬೇರೆ. ಅದರಲ್ಲಿ ಕ್ರಿಯಾಟಿನಿನ್ ಮೊದಲ ಕೆಲವು ದಿನ ಏರಿ, ಆಮೇಲೆ ವಾರಗಟ್ಟಲೆ ನಿಧಾನವಾಗಿ ಇಳಿಯುತ್ತದೆ. ಅಲ್ಲಿ ಒಂದು ಸಂಖ್ಯೆ ನೋಡಿ ತೀರ್ಮಾನ ಮಾಡಲಾಗದು, ಹಿಂದಿನ ಸಂಖ್ಯೆಗಳ ಜೊತೆ ಇಟ್ಟು ನೋಡಬೇಕು.

ಹಿಮೋಗ್ಲೋಬಿನ್ ಕೂಡ ಹಾಗೇ. ಹುಟ್ಟಿದ ದಿನ ಒಂದು ಹೆಣ್ಣುಮಗುವಿಗೆ 12.5 ಬಂದರೆ ಅದು ರಕ್ತಹೀನತೆ. ರಕ್ತ ಎಲ್ಲಿ ಹೋಯಿತು ಅಂತ ಹುಡುಕಬೇಕಾದ ಪರಿಸ್ಥಿತಿ. ಸಾಫ್ಟ್‌ವೇರು ಹೆಂಗಸರ ಮಿತಿ ಹಾಕಿ ನಾರ್ಮಲ್ ಅನ್ನುತ್ತದೆ. ಎರಡು ತಿಂಗಳಾದ ಮೇಲೆ ಆರೋಗ್ಯವಂತ ಮಗುವಿನ ಎಚ್‌ಬಿ ತಾನಾಗೇ 10ರ ಹತ್ತಿರ ಇಳಿಯುವುದು ಸಹಜ. ಬೇಗ ಹುಟ್ಟಿದ ಮಕ್ಕಳಲ್ಲಿ ಅದಕ್ಕಿಂತ ಮೊದಲೇ, ಅದಕ್ಕಿಂತ ಕೆಳಕ್ಕೆ ಇಳಿಯುತ್ತದೆ. ಆಗ ಕೆಂಪು ಗುರುತು ಬೀಳುತ್ತದೆ!

ಥೈರಾಯ್ಡ್ ವಿಷಯದಲ್ಲಿ ತಪ್ಪಿದರೆ ಮಗುವಿನ ಬುದ್ಧಿ ಬೆಳವಣಿಗೆಗೇ ಕುತ್ತು. ಹುಟ್ಟಿದ ಅರ್ಧ ಗಂಟೆಯಲ್ಲಿ ಟಿಎಸ್‌ಎಚ್, ಅಂದರೆ ಥೈರಾಯ್ಡ್ ಗ್ರಂಥಿಯನ್ನು ಕೆಲಸಕ್ಕೆ ಹಚ್ಚುವ ಹಾರ್ಮೋನು, ಜಿಗಿದು 60–80ರ ತನಕ ಹೋಗಿ, ಎರಡು ಮೂರು ದಿನದಲ್ಲಿ ಇಳಿಯುತ್ತದೆ. ಅದಕ್ಕೇ ಹಿಮ್ಮಡಿ ಚುಚ್ಚಿ ಮಾಡುವ ಪರೀಕ್ಷೆಯನ್ನು 48 ಗಂಟೆ ದಾಟಿದ ಮೇಲೆ ಮಾಡುವುದು ಒಳ್ಳೆಯದು ಅನ್ನುತ್ತಾರೆ. ಬೇಗ ಹುಟ್ಟಿದ ಮಕ್ಕಳಲ್ಲಿ ಕಾಯಿಲೆ ಇದ್ದರೂ ಟಿಎಸ್‌ಎಚ್ ಮೊದಲು ಏರದೆ, ವಾರಗಳ ನಂತರ ಏರಬಹುದು. ಎರಡನೇ ಸಲ ಪರೀಕ್ಷೆ ಬೇಕೇ ಬೇಕು. ಥೈರಾಯ್ಡ್ ತಯಾರಿಸುವ ಹಾರ್ಮೋನಾದ ಟಿ4 ಅಂತೂ ಮೊದಲ ವಾರದಲ್ಲಿ ದೊಡ್ಡವರಿಗಿಂತ ಮೇಲೆಯೇ ಇರಬೇಕು. ದೊಡ್ಡವರ ಮಿತಿಯ ತಳದಲ್ಲಿ ಬಂದು ನಿಂತ ಟಿ4 ಆ ಮಗುವಿಗೆ ಕಡಿಮೆಯೇ. ಚಿಕಿತ್ಸೆ ಎರಡು ವಾರದೊಳಗೆ ಶುರುವಾಗಬೇಕಾದ ಕಾಯಿಲೆ ಇದು, ಸರ್. ಒಂದು ಕಾಗದದ ಸಾಲು ಆ ಎರಡು ವಾರವನ್ನು ತಿಂದುಹಾಕಬಾರದು.

ಸಂಖ್ಯೆ ತಪ್ಪಾಗಲು ರಕ್ತ ತೆಗೆದ ರೀತಿಯೂ ಕಾರಣವಾಗುತ್ತದೆ. ಹಿಮ್ಮಡಿ ಚುಚ್ಚಿ ಜೋರಾಗಿ ಹಿಂಡಿದರೆ ಕಣಗಳು ಒಡೆದು ಪೊಟ್ಯಾಸಿಯಂ ಸುಳ್ಳು ಸುಳ್ಳೇ ಜಾಸ್ತಿ ಬರುತ್ತದೆ. ಸಕ್ಕರೆ ಪರೀಕ್ಷೆಯ ರಕ್ತವನ್ನು ಮಾಮೂಲಿ ಟ್ಯೂಬಿನಲ್ಲಿ ಹಾಕಿ ಟ್ರೇನಲ್ಲಿ ಇಟ್ಟು ತಡ ಮಾಡಿದರೆ, ಟ್ಯೂಬಿನ ಒಳಗೇ ಕಣಗಳು ಸಕ್ಕರೆಯನ್ನು ಬಳಸಿಕೊಂಡು ಕಡಿಮೆ ತೋರಿಸುತ್ತದೆ. ಹಸುಗೂಸಿನ ರಕ್ತದಲ್ಲಿ ಕೆಂಪು ಕಣ ಜಾಸ್ತಿ ಇರುವುದರಿಂದ ಇದು ಇನ್ನೂ ಬೇಗ ಆಗುತ್ತದೆ. ಅನುಮಾನ ಬಂದರೆ ಮತ್ತೆ ರಕ್ತ ತೆಗೆಯುತ್ತಾರೆ. ಒಂದು ಕಿಲೋ ತೂಕದ ಮಗುವಿನ ಮೈಯಲ್ಲಿ ಇರುವುದೇ ಸುಮಾರು 90 ಎಂಎಲ್ ರಕ್ತ, ಒಂದು ಸಣ್ಣ ಟೀ ಲೋಟದಷ್ಟು. ಅದರಿಂದ ಮೂರು ಎಂಎಲ್ ತೆಗೆದರೆ, ದೊಡ್ಡವರಿಂದ ಒಂದೇ ಸಲ 150 ಎಂಎಲ್‌ಗಿಂತ ಜಾಸ್ತಿ ತೆಗೆದ ಹಾಗೆ. ಸುಳ್ಳು ಗುರುತುಗಳ ಬೆನ್ನು ಹತ್ತಿ ಪದೇ ಪದೇ ಚುಚ್ಚಿದರೆ, ಕೊನೆಗೆ ಆ ಮಗುವಿಗೆ ಬೇರೆಯವರ ರಕ್ತ ಕೊಡಬೇಕಾಗುತ್ತದೆ.

ಹಾಗಾದರೆ ಏನು ಮಾಡಬಹುದು? ಚೀಟಿಯಿಂದ ಶುರು ಮಾಡೋಣ. ನವಜಾತ ಶಿಶುವಿನ ಪರೀಕ್ಷೆಗೆ ಬೇರೆ ಚೀಟಿ ಇರಲಿ. ಹುಟ್ಟಿದ ತಾರೀಕು ಮತ್ತು ಗಂಟೆ, ಎಷ್ಟು ವಾರಕ್ಕೆ ಹುಟ್ಟಿತು, ಈಗಿನ ತೂಕ, ರಕ್ತ ತೆಗೆದ ಗಂಟೆ, ಹಿಮ್ಮಡಿಯಿಂದಲೋ ನರದಿಂದಲೋ ಅನ್ನುವುದು ಅದರಲ್ಲಿ ಇರಲಿ. ಈ ಮಾಹಿತಿ ಹೊಸದಾಗಿ ಹುಡುಕಬೇಕಾದ್ದಲ್ಲ. ತಾಯಿ ಕಾರ್ಡಿನಲ್ಲೋ ಕೇಸ್ ಶೀಟಿನಲ್ಲೋ ಇದ್ದೇ ಇರುತ್ತದೆ, ಲ್ಯಾಬಿಗೆ ಬರುವುದಿಲ್ಲ ಅಷ್ಟೇ. ರಿಪೋರ್ಟಿನಲ್ಲಿ 'ರಕ್ತ ತೆಗೆದಾಗ ಮಗುವಿಗೆ ಇಷ್ಟು ಗಂಟೆ' ಅಂತ ಮೇಲೆಯೇ ಅಚ್ಚಾಗಲಿ. ಬಿಲಿರುಬಿನ್ ಪಕ್ಕದಲ್ಲಿ ನಾರ್ಮಲ್ ಮಿತಿಯ ಬದಲು 'ಗಂಟೆ ಮತ್ತು ವಾರದ ಚಾರ್ಟ್ ಜೊತೆ ನೋಡಬೇಕು' ಅಂತ ಬರಲಿ. ನಂಬುವಂಥ ಮಿತಿ ಸಿಗದ ಪರೀಕ್ಷೆಗೆ ಮಿತಿಯನ್ನೇ ಹಾಕಬೇಡಿ. ತಪ್ಪು ಮಿತಿಗಿಂತ ಖಾಲಿ ಜಾಗ ಎಷ್ಟೋ ವಾಸಿ.

ಈ ಮಿತಿಗಳನ್ನು ಎಲ್ಲಿಂದ ತರುವುದು ಅಂತ ಅಧಿಕಾರಿಗಳು ಕೇಳುತ್ತಾರೆ, ಕೇಳಬೇಕಾದ್ದೇ. ಒಂದೊಂದು ವಯೋಗುಂಪಿಗೆ ಕನಿಷ್ಠ 120 ಆರೋಗ್ಯವಂತರ ರಕ್ತ ನೋಡಿ ಮಿತಿ ಕಟ್ಟಬೇಕು ಅನ್ನುವುದು ಅಂತರರಾಷ್ಟ್ರೀಯ ಪದ್ಧತಿ. ಅದಕ್ಕಾಗಿ ಆರೋಗ್ಯವಾಗಿರುವ ಹಸುಗೂಸುಗಳನ್ನು ಚುಚ್ಚುತ್ತಾ ಕೂರಲಾಗದು, ಕೂರಲೂಬಾರದು. ಅಮೆರಿಕದ ಯೂಟಾದ ಆಸ್ಪತ್ರೆಗಳಲ್ಲಿ ಡಾಕ್ಟರುಗಳು ಬೇರೆ ಕಾರಣಕ್ಕೆ ಆಗಲೇ ಮಾಡಿಸಿದ್ದ ಸಾವಿರಾರು ಪರೀಕ್ಷೆಗಳ ದಾಖಲೆಯಿಂದಲೇ ವಾರವಾರಕ್ಕೆ ರಕ್ತಕಣಗಳ ಮಿತಿ ಕಟ್ಟಿದರು. ಟೊರೊಂಟೊದ ಮಕ್ಕಳ ಆಸ್ಪತ್ರೆಯ 'ಕ್ಯಾಲಿಪರ್' ಯೋಜನೆ ಮಕ್ಕಳ ಮಿತಿಗಳನ್ನು ಪ್ರಕಟಿಸಿದೆ. ಹೀಗೆ ಪ್ರಕಟವಾದ ಮಿತಿಯನ್ನು ನಮ್ಮ ಮೆಷಿನ್‌ಗೆ, ನಮ್ಮ ಮಕ್ಕಳಿಗೆ ಹೊಂದುತ್ತದಾ ಅಂತ ಸುಮಾರು 20 ಸ್ಯಾಂಪಲ್‌ನಲ್ಲಿ ಪರೀಕ್ಷಿಸಿ ಬಳಸಲು ಅದೇ ಪದ್ಧತಿ ಅವಕಾಶ ಕೊಡುತ್ತದೆ. ಬೆಂಗಳೂರಿನ ವಾಣಿ ವಿಲಾಸ, ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ, ಮೈಸೂರಿನ ಚೆಲುವಾಂಬ, ಹುಬ್ಬಳ್ಳಿಯ ಕೆಎಂಸಿಆರ್‌ಐ (ಹಿಂದಿನ ಕಿಮ್ಸ್) ಅಂಥ ಕಡೆ ಇದನ್ನು ಬಲ್ಲ ಡಾಕ್ಟರುಗಳಿದ್ದಾರೆ. ಅವರನ್ನು, ಬಯೋಕೆಮಿಸ್ಟ್ರಿ ವಿಭಾಗದವರನ್ನು ಒಂದು ಕಡೆ ಕೂರಿಸಿ. ಹತ್ತು ಹದಿನೈದು ಮುಖ್ಯ ಪರೀಕ್ಷೆಗಳಿಗೆ ಒಂದು ಪಟ್ಟಿ ಸಿದ್ಧವಾದರೆ ಮೊದಲ ಹಂತಕ್ಕೆ ಸಾಕು.

ಜಾರಿ ಮಾಡುವ ದಾರಿಯೂ ನಿಮ್ಮ ಕೈಯಲ್ಲೇ ಇದೆ. ಜಿಲ್ಲಾ ಆಸ್ಪತ್ರೆಗಳ ಎಸ್‌ಎನ್‌ಸಿಯುಗೆ, ಅಂದರೆ ನವಜಾತ ಶಿಶುಗಳ ವಿಶೇಷ ಆರೈಕೆ ಘಟಕಕ್ಕೆ, ಪರೀಕ್ಷೆ ಮಾಡಿಕೊಡುವ ಸರ್ಕಾರಿ ಲ್ಯಾಬ್‌ಗಳಿಗೆ ಒಂದು ಸುತ್ತೋಲೆ ಸಾಕು. ಮುಂದೆ ಕೊಳ್ಳುವ ಲ್ಯಾಬ್ ಸಾಫ್ಟ್‌ವೇರ್ ವಯಸ್ಸನ್ನು ಗಂಟೆಯಲ್ಲಿ ಕೇಳಬೇಕು, ಎಷ್ಟು ವಾರಕ್ಕೆ ಹುಟ್ಟಿತು ಅಂತಲೂ ಕೇಳಲೇಬೇಕು ಅನ್ನುವ ಷರತ್ತನ್ನು ಟೆಂಡರಿನಲ್ಲಿ ಸೇರಿಸಿ. ಖಾಸಗಿ ಲ್ಯಾಬ್‌ಗಳಿಗೆ 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ ಇದೆಯಲ್ಲ, ಅದರಡಿ ನೋಂದಣಿ ನವೀಕರಿಸುವಾಗ ಇದನ್ನೂ ಪರಿಶೀಲಿಸಬಹುದು. 2011ರಿಂದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಲ್ಲಿ ಕಾಯಿಲೆಯ ನವಜಾತ ಶಿಶುವಿಗೆ ಪರೀಕ್ಷೆ ಉಚಿತ. ಸರ್ಕಾರ ಹಣ ಹಾಕುತ್ತಿರುವ ಪರೀಕ್ಷೆಯ ಉತ್ತರ ಓದಲು ಬರುವಂತಿರಲಿ ಅನ್ನುವುದು ದೊಡ್ಡ ಬೇಡಿಕೆಯೇನಲ್ಲ ಅಲ್ವಾ?

ಸುತ್ತೋಲೆಯ ಕರಡು ಸಿದ್ಧವಾದಾಗ ಒಂದೆರಡು ಜಿಲ್ಲಾ ಲ್ಯಾಬ್‌ಗಳ ಟೆಕ್ನಿಷಿಯನ್‌ಗಳನ್ನೂ, ಎಸ್‌ಎನ್‌ಸಿಯು ನರ್ಸ್‌ಗಳನ್ನೂ ಕರೆದು ತೋರಿಸಿ. ಚೀಟಿ ಬರೆಯುವವರು ಅವರು, ಟೈಪ್ ಮಾಡುವವರು ನಾವು. ಯಾವ ಕಾಲಂ ತುಂಬುತ್ತದೆ, ಯಾವುದು ಖಾಲಿ ಉಳಿಯುತ್ತದೆ ಅಂತ ನಮಗೆ ಗೊತ್ತು. ಕರೆದರೆ ಬರುತ್ತೇವೆ.

ಇಂತಿ ನಿಮ್ಮ ವಿಶ್ವಾಸಿ,
ಒಬ್ಬ ಲ್ಯಾಬ್ ಟೆಕ್ನಿಷಿಯನ್